ಚೈನೀಸ್ ಹೋಟೆಲ್‌ನಲ್ಲಿ ಏನು ತರಿಸೋಣ? ಗೋಬಿಯಿಂದ ತುಕ್ಪಾವರೆಗೆ ಒಂದು ಹೋಲಿಕೆ

ಕಳೆದ ವರ್ಷ ಅಪ್ಪನಿಗೆ ಬಿಪಿ ಇದೆ ಅಂತ ಗೊತ್ತಾಯಿತು. ಉಪ್ಪು ಕಡಿಮೆ ಮಾಡಿ ಅಂದರು ಡಾಕ್ಟರು. ಅಮ್ಮನಿಗೆ ಅದಕ್ಕೂ ಮುಂಚೆಯೇ ಶುಗರ್ ಇತ್ತು. ಮನೆಯ ಅಡುಗೆಯಲ್ಲಿ ಇಬ್ಬರಿಗೂ ಹೊಂದಿಸಿಕೊಂಡೆವು, ಅದೇನೂ ಕಷ್ಟವಾಗಲಿಲ್ಲ. ಕಷ್ಟ ಬಂದಿದ್ದು ಶನಿವಾರ ಸಂಜೆ. ತಿಂಗಳಿಗೆ ಎರಡು ಸಲ ಅಕ್ಕ ಮಕ್ಕಳನ್ನು ಕರೆದುಕೊಂಡು ಬರುತ್ತಾಳೆ. ಆವತ್ತು ಎಲ್ಲರೂ ಸೇರಿ ಚೈನೀಸ್ ಊಟಕ್ಕೆ ಹೋಗುವುದು ನಮ್ಮ ಮನೆಯ ರೂಢಿ. "ನೀವು ಹೋಗಿ ಬನ್ನಿ, ನಾನು ಮನೇಲೇ ಮುದ್ದೆ ಉಣ್ತೀನಿ" ಅಂದರು ಅಪ್ಪ. ನನಗೆ ತುಂಬಾ ಬೇಜಾರಾಯಿತು. ಅವರನ್ನು ಬಿಟ್ಟು ಹೋದರೆ ಆ ಶನಿವಾರಕ್ಕೆ ಅರ್ಥವೇ ಇಲ್ಲ.

ಹಾಗಾಗಿ ಮೆನು ಕಾರ್ಡನ್ನು ಮೊದಲ ಸಲ ಗಮನವಿಟ್ಟು ಓದಿದೆ. ನಾವು ಹೋಗುವ ಕಡೆ ಅಡುಗೆಯವರ ಹತ್ತಿರ ನಿಂತು ಕೇಳಿದೆ. ಒಂದು ವರ್ಷದಲ್ಲಿ ಅರ್ಥವಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಅಪ್ಪ, ಅಮ್ಮ, ಮಕ್ಕಳು ಇರುತ್ತಾರೆ ಅಲ್ವಾ?

ಮೆನುವಿನಲ್ಲಿ ವೆಜ್, ನಾನ್‌ವೆಜ್ ಅಂತ ಒಂದು ಗೆರೆ ಇರುತ್ತದೆ. ಆರೋಗ್ಯದ ಲೆಕ್ಕಕ್ಕೆ ಆ ಗೆರೆ ಅಷ್ಟು ಕೆಲಸಕ್ಕೆ ಬರುವುದಿಲ್ಲ. ಹೂಕೋಸಿನ ಮಂಚೂರಿಗಿಂತ ಹಬೆಯಲ್ಲಿ ಬೇಯಿಸಿದ ಮೀನು ಹಗುರ. ಕರಿದ ಪನೀರ್‌ಗಿಂತ ಚಿಕನ್ ಸೂಪ್ ಹಗುರ. ನಾನು ಎಳೆದುಕೊಂಡ ಗೆರೆ ಬೇರೆ. ಹಿಟ್ಟು ಹಚ್ಚಿ ಕರಿದದ್ದು ಒಂದು ಕಡೆ, ಕರಿಯದೆ ಮಾಡಿದ್ದು ಇನ್ನೊಂದು ಕಡೆ. ಒಂದು ಟೇಬಲ್‌ಗೆ ಕರಿದದ್ದು ಒಂದೇ ಪ್ಲೇಟ್ ಬರಲಿ, ಉಳಿದದ್ದೆಲ್ಲ ಇನ್ನೊಂದು ಕಡೆಯಿಂದ ಬರಲಿ. ಇದಾದ ಮೇಲೆ ಸಾಸ್ ಎಷ್ಟು ಅನ್ನುವ ಪ್ರಶ್ನೆ. ಮಿಕ್ಕಿದ್ದೆಲ್ಲ ಈ ಎರಡರ ಹಿಂದೆಯೇ ಬರುತ್ತದೆ.

ಗೋಬಿ ಮಂಚೂರಿ: ಗಾಡಿಯದೋ, ಹೋಟೆಲಿನದೋ

ಮೊದಲು ಗೋಬಿಯ ವಿಷಯವನ್ನೇ ಮಾತಾಡಬೇಕು. ಕರ್ನಾಟಕದಲ್ಲಿ ಚೈನೀಸ್ ಅಂದರೆ ಅರ್ಧ ಜನಕ್ಕೆ ಗೋಬಿಯೇ. ಬಸ್ ಸ್ಟ್ಯಾಂಡ್ ಪಕ್ಕದ ಗಾಡಿ, ಕಾಲೇಜಿನ ಮುಂದಿನ ಗಾಡಿ, ಜಾತ್ರೆ, ಎಲ್ಲೆಲ್ಲೂ ಇದೆ. ಚೀನಾದ ಮಂಚೂರಿಯಾ ಪ್ರಾಂತ್ಯಕ್ಕೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಕೊಲ್ಕತ್ತಾದಲ್ಲಿ ಹುಟ್ಟಿದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಅನ್ನುತ್ತಾರೆ. ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸ್ ಮತ್ತು ಕಾರ್ನ್ ಫ್ಲೋರ್ ಹಾಕಿದರು. ನಮ್ಮ ನಾಲಿಗೆಗೆ ಇದು ಇಷ್ಟು ಹಿಡಿಸಿದ್ದು ಯಾಕೆ ಅಂತ ಇಲ್ಲೇ ಗೊತ್ತಾಗುತ್ತದೆ. ಚಿಕನ್ ಜಾಗಕ್ಕೆ ಹೂಕೋಸು ಬಂದ ಮೇಲೆ ಸಸ್ಯಾಹಾರಿಗಳ ಮನೆಗೂ ಅದು ಹೊಕ್ಕಿತು.

ಹೂಕೋಸು ಒಳ್ಳೆಯ ತರಕಾರಿ. 100 ಗ್ರಾಂ ಹಸಿ ಹೂಕೋಸಿನಲ್ಲಿ ಇರುವುದು ಸುಮಾರು 25 ಕ್ಯಾಲೊರಿ. ನಾರು ಇದೆ, ವಿಟಮಿನ್ ಸಿ ಇದೆ. ಆದರೆ ತಟ್ಟೆಗೆ ಬರುವ ಹೊತ್ತಿಗೆ ಅದರ ಸುತ್ತ ಮೈದಾ ಮತ್ತು ಕಾರ್ನ್ ಫ್ಲೋರ್‌ನ ದಪ್ಪ ಪದರ ಕೂತಿರುತ್ತದೆ. ಎಣ್ಣೆ ಹೀರುವುದು ಆ ಪದರ. ಬಹಳ ಕಡೆ ಎರಡು ಸಲ ಕರಿಯುತ್ತಾರೆ. ಸಂಜೆಗೆ ಮೊದಲೇ ಅರ್ಧ ಕರಿದು ತಟ್ಟೆಯಲ್ಲಿ ರಾಶಿ ಹಾಕಿರುತ್ತಾರೆ. ಗಿರಾಕಿ ಬಂದಾಗ ಮತ್ತೆ ಎಣ್ಣೆಗೆ ಬಿಡುತ್ತಾರೆ. ಆಮೇಲೆ ಇನ್ನೊಂದು ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಬೆಳ್ಳುಳ್ಳಿ, ಈರುಳ್ಳಿ, ಸಾಸ್ ಜೊತೆ ಒಂದು ಸುತ್ತು ತಿರುಗಿಸುತ್ತಾರೆ. ಅಲ್ಲಿಗೆ ಮೂರು ಸಲ ಎಣ್ಣೆ ಆಯಿತು. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆ ಅನ್ನುವುದು ನೆನಪಿರಲಿ.

ಆಮೇಲೆ ಬಣ್ಣ. 2024ರ ಮಾರ್ಚ್ 11ರಂದು ನಮ್ಮ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕುವುದಕ್ಕೂ ಅದೇ ದಿನ ನಿಷೇಧ ಬಂತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆವತ್ತು ಹೇಳಿದ ಲೆಕ್ಕ ಹೀಗಿತ್ತು: ರಾಜ್ಯದ ಬೇರೆ ಬೇರೆ ಕಡೆಯಿಂದ ತಂದ 171 ಗೋಬಿ ಮಾದರಿಗಳಲ್ಲಿ 107 ಸುರಕ್ಷಿತವಾಗಿರಲಿಲ್ಲ. ಸಿಕ್ಕಿದ ಬಣ್ಣಗಳು ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್. ಗೋಬಿಯನ್ನೇ ನಿಷೇಧಿಸಿದರು ಅಂತ ಆಗ ಸುಮಾರು ಜನ ತಿಳಿದುಕೊಂಡರು. ಹಾಗಲ್ಲ. ನಿಷೇಧ ಬಂದಿದ್ದು ಬಣ್ಣಕ್ಕೆ ಮಾತ್ರ. ಯುರೋಪಿನಲ್ಲಿ ಈ ಮೂರೂ ಬಣ್ಣಗಳಿರುವ ಆಹಾರದ ಪೊಟ್ಟಣದ ಮೇಲೆ, ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು ಅಂತ 2010ರಿಂದ ಕಡ್ಡಾಯವಾಗಿ ಬರೆಯಬೇಕು. ಅಕ್ಕನ ಮಕ್ಕಳಿಗೆ ಗೋಬಿ ಕೊಡಿಸುವಾಗ ನನಗೆ ಮೊದಲು ನೆನಪಾಗುವುದು ಇದೇ.

ಬಣ್ಣ ಹಾಕಿದ್ದಾರೋ ಇಲ್ಲವೋ ಅಂತ ನೋಡಿ ಹೇಳಬಹುದಾ? ಪೂರ್ತಿ ಖಚಿತವಾಗಿ ಆಗುವುದಿಲ್ಲ. ಆದರೆ ಸುಳಿವು ಸಿಗುತ್ತದೆ. ಸೋಯಾ ಸಾಸ್, ಟೊಮೆಟೊ ಸಾಸ್, ಮೆಣಸಿನಕಾಯಿ ಇಷ್ಟೇ ಇದ್ದರೆ ಗೋಬಿ ಕಂದುಗೆಂಪಾಗಿ ಇರುತ್ತದೆ. ಕುಂಕುಮದ ಹಾಗೆ ಹೊಳೆಯುವ ಕೆಂಪು ಇದ್ದರೆ, ಬೆರಳಿಗೂ ಟಿಶ್ಯೂ ಪೇಪರಿಗೂ ಅದು ಹತ್ತಿ ಉಳಿದರೆ ಅನುಮಾನ ಪಡಿ. ಚೆನ್ನಾಗಿ ಕೆಂಪು ಬರಬೇಕು ಅಂದರೆ ನಮ್ಮ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಯೇ ಇದೆ. ಖಾರ ಕಡಿಮೆ, ಬಣ್ಣ ಜಾಸ್ತಿ. ಅದನ್ನು ನೆನೆಸಿ ರುಬ್ಬಿ ಹಾಕುವ ಅಡುಗೆಯವರು ನಮ್ಮ ಊರಲ್ಲೇ ಇದ್ದಾರೆ. ಕೇಳಿದರೆ ಸಂತೋಷದಿಂದ ಹೇಳುತ್ತಾರೆ.

ಗಾಡಿ ಮತ್ತು ಹೋಟೆಲ್ ಹೋಲಿಸಿದರೆ ಗಾಡಿಗೆ ಒಂದು ಅನುಕೂಲ ಇದೆ. ಎಲ್ಲವೂ ಕಣ್ಣೆದುರೇ ನಡೆಯುತ್ತದೆ. ಎಣ್ಣೆ ಹೇಗಿದೆ ಅಂತ ನೀವೇ ನೋಡಬಹುದು. ಕಪ್ಪಾಗಿ ಮಂದವಾಗಿದ್ದರೆ, ಏನೂ ಹಾಕದೆ ಇದ್ದಾಗಲೂ ನೊರೆ ನಿಂತಿದ್ದರೆ, ಹೊಗೆ ಗಂಟಲಿಗೆ ಕಟ್ಟಿದ ಹಾಗಾದರೆ ಅದು ತುಂಬಾ ಸಲ ಕಾದ ಎಣ್ಣೆ. ಹಳೇ ಎಣ್ಣೆಗೆ ನಮ್ಮ ಆಹಾರ ಸುರಕ್ಷತಾ ನಿಯಮದಲ್ಲಿ ಮಿತಿ ಇದೆ: ಕೆಟ್ಟುಹೋದ ಅಂಶ, ಅಂದರೆ ಟೋಟಲ್ ಪೋಲಾರ್ ಕಾಂಪೌಂಡ್ಸ್, ಶೇಕಡಾ 25 ದಾಟಿದರೆ ಆ ಎಣ್ಣೆಯನ್ನು ಅಡುಗೆಗೆ ಬಳಸುವ ಹಾಗಿಲ್ಲ. ಹೋಟೆಲಿನ ಅಡುಗೆಮನೆ ನಮಗೆ ಕಾಣುವುದಿಲ್ಲ. ಆದರೆ ಅಲ್ಲಿ ನಮ್ಮ ಮಾತು ನಡೆಯುತ್ತದೆ. ಸಾಸ್ ಕಡಿಮೆ ಹಾಕಿಸಬಹುದು, ಹಿಟ್ಟು ತೆಳ್ಳಗೆ ಮಾಡಿಸಬಹುದು. ಮೊದಲೇ ಕರಿದಿಟ್ಟ ರಾಶಿಯ ಗಾಡಿ ಬೇಡ. ಹಸಿ ಹೂಕೋಸನ್ನು ನಿಮ್ಮೆದುರೇ ಹಿಟ್ಟಿಗೆ ಹಾಕಿ ಒಂದೇ ಸಲ ಕರಿಯುವ ಗಾಡಿ ಸಿಕ್ಕರೆ, ಬಣ್ಣ ಹಾಕದ ಗಾಡಿಯಾದರೆ, ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

ಡ್ರೈ ಒಳ್ಳೆಯದೋ ಗ್ರೇವಿ ಒಳ್ಳೆಯದೋ ಅಂತ ಅಕ್ಕ ಕೇಳುತ್ತಿದ್ದಳು. ಎಣ್ಣೆಯ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ, ಎರಡೂ ಕರಿದದ್ದೇ. ಉಪ್ಪಿನ ಲೆಕ್ಕದಲ್ಲಿ ಡ್ರೈ ವಾಸಿ. ಗ್ರೇವಿಗೆ ಸೋಯಾ ಸಾಸ್ ಜಾಸ್ತಿ ಹೋಗುತ್ತದೆ, ಅನ್ನದ ಜೊತೆ ಕಲಸಿ ಅದನ್ನು ಪೂರ್ತಿ ತಿಂದುಬಿಡುತ್ತೇವೆ. ನಮ್ಮ ಮನೆಯಲ್ಲಿ ಈಗ ಡ್ರೈ, ಒಂದೇ ಪ್ಲೇಟ್, ಆರು ಜನಕ್ಕೆ. ಬೇಬಿ ಕಾರ್ನ್, ಮಶ್ರೂಮ್, ಪನೀರ್ ಮಂಚೂರಿಗಳ ಕಥೆಯೂ ಇದೇ. ಪನೀರ್‌ನಲ್ಲಿ ಕರಿಯುವ ಮೊದಲೇ ಕೊಬ್ಬು ಜಾಸ್ತಿ ಇರುವುದರಿಂದ ಅದು ಇನ್ನೂ ಭಾರ. ಹನಿ ಚಿಲ್ಲಿ ಪೊಟ್ಯಾಟೊ ಮಾತ್ರ ಅಮ್ಮನ ಹತ್ತಿರಕ್ಕೂ ಬರಬಾರದು ಅಂತ ನಾನು ಹಟ ಹಿಡಿದಿದ್ದೇನೆ. ಆಲೂಗಡ್ಡೆ, ಹಿಟ್ಟು, ಎಣ್ಣೆ, ಅದರ ಮೇಲೆ ಸಕ್ಕರೆಯ ಪಾಕ. ಶುಗರ್ ಇರುವವರಿಗೆ ಮೆನುವಿನಲ್ಲಿ ಇದಕ್ಕಿಂತ ಕೆಟ್ಟದ್ದು ನನಗೆ ಕಂಡಿಲ್ಲ.

ಸೂಪು: ಹಸಿವಿಗೆ ಒಳ್ಳೆಯದು, ಉಪ್ಪಿಗೆ ಹುಷಾರು

ಊಟಕ್ಕೆ ಮುಂಚೆ ಸೂಪ್ ಕುಡಿದರೆ ಆಮೇಲೆ ತಿನ್ನುವುದು ಕಡಿಮೆಯಾಗುತ್ತದೆ. ಹಾಗಾಗಿ ಸೂಪ್ ನನಗೆ ಇಷ್ಟ. ಆದರೆ ಬಿಪಿ ಇರುವವರು ಇಲ್ಲಿ ಗಮನ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2000 ಮಿಲಿಗ್ರಾಂ ಸೋಡಿಯಂ. ಒಂದು ದೊಡ್ಡ ಚಮಚ ಸೋಯಾ ಸಾಸ್‌ನಲ್ಲೇ ಸುಮಾರು 900 ಮಿಲಿಗ್ರಾಂ ಸೋಡಿಯಂ ಇದೆ. ದಿನದ ಹತ್ತಿರ ಹತ್ತಿರ ಅರ್ಧ! ಸಾಸ್ ಕಪ್ಪಾಗಿ ಇರುವುದರಿಂದ ಅದು ಉಪ್ಪು ಅಂತ ನಮಗೆ ಅನ್ನಿಸುವುದೇ ಇಲ್ಲ. ಅಪ್ಪ ಉಪ್ಪಿನಕಾಯಿ ಬಿಟ್ಟು, ಹಪ್ಪಳ ಬಿಟ್ಟು, ಹಾಟ್ ಅಂಡ್ ಸೋರ್ ಸೂಪನ್ನು ಬಟ್ಟಲು ತುಂಬ ಕುಡಿಯುತ್ತಿದ್ದರು.

ಹಾಟ್ ಅಂಡ್ ಸೋರ್, ಮಂಚೋ ಎರಡಕ್ಕೂ ಸೋಯಾ ಸಾಸ್ ಬೇಕೇ ಬೇಕು, ಕಾರ್ನ್ ಫ್ಲೋರ್‌ನ ಗಂಜಿ ಬೇಕೇ ಬೇಕು. ಮಂಚೋ ಮೇಲೆ ಕರಿದ ನೂಡಲ್ಸ್ ಬೇರೆ ಉದುರಿಸುತ್ತಾರೆ. ಅದನ್ನು ಬೇರೆ ಬಟ್ಟಲಲ್ಲಿ ಕೊಡಿ ಅಂದರೆ ಮಕ್ಕಳು ನಾಲ್ಕು ಎಳೆ ಹಾಕಿಕೊಂಡು ಸುಮ್ಮನಾಗುತ್ತಾರೆ. ಸ್ವೀಟ್ ಕಾರ್ನ್ ಸೂಪಿಗೆ ಸೋಯಾ ಸಾಸ್ ಹಾಕುವುದಿಲ್ಲ, ಆದರೆ ಕಾರ್ನ್ ಫ್ಲೋರ್ ಇದೆ, ಬಹಳ ಕಡೆ ಸಕ್ಕರೆಯೂ ಇದೆ. ಅಪ್ಪನಿಗೆ ಸಾಗುತ್ತದೆ, ಅಮ್ಮನಿಗೆ ಬೇಡ. ಇಬ್ಬರಿಗೂ ಹೊಂದುವುದು ಕ್ಲಿಯರ್ ಸೂಪ್ ಅಥವಾ ಲೆಮನ್ ಕೊರಿಯಾಂಡರ್ ಸೂಪ್. ಗಂಜಿ ಇಲ್ಲ ಅಥವಾ ತೆಳ್ಳಗೆ. ನಿಂಬೆಹುಳಿ, ಕೊತ್ತಂಬರಿ ಸೊಪ್ಪು, ಶುಂಠಿ ಇರುವುದರಿಂದ ಉಪ್ಪು ಕಡಿಮೆಯಾದರೂ ಬಾಯಿಗೆ ಸಪ್ಪೆ ಅನಿಸುವುದಿಲ್ಲ. ಉಪ್ಪು ಕಮ್ಮಿ ಹಾಕಿ ಅಂತ ಆರ್ಡರ್ ಕೊಡುವಾಗಲೇ ಹೇಳಿ. ಒನ್ ಬೈ ಟು ಮಾಡಿಸಿ. ನಮ್ಮೂರ ಹೋಟೆಲುಗಳಲ್ಲಿ ಇರುವ ಈ ಒನ್ ಬೈ ಟು ಪದ್ಧತಿಯಷ್ಟು ಒಳ್ಳೆಯ ಆರೋಗ್ಯದ ಉಪಾಯ ನನಗೆ ಬೇರೆ ಗೊತ್ತಿಲ್ಲ. ಉಪ್ಪೂ ಅರ್ಧ, ಬಿಲ್ಲೂ ಅರ್ಧ.

ಅಜಿನೊಮೊಟೊ ಬಗ್ಗೆ ಒಂದು ಮಾತು

ನಮ್ಮಲ್ಲಿ ಚೈನೀಸ್ ಊಟದ ಬಗ್ಗೆ ಭಯ ಅಂದರೆ ಅಜಿನೊಮೊಟೊ ಭಯ. ಟೇಸ್ಟಿಂಗ್ ಪೌಡರ್ ಹಾಕಬೇಡಿ ಅಂತ ಹೇಳಿ, ಎರಡು ಪ್ಲೇಟ್ ಕರಿದದ್ದನ್ನು ನೆಮ್ಮದಿಯಾಗಿ ತಿನ್ನುವವರನ್ನು ನಾನು ನೋಡಿದ್ದೇನೆ. ನಾನೂ ಮುಂಚೆ ಹಾಗೇ ನಂಬಿದ್ದೆ. ಓದಿದ ಮೇಲೆ ಅಭಿಪ್ರಾಯ ಬದಲಾಯಿತು.

1908ರಲ್ಲಿ ಜಪಾನಿನ ರಸಾಯನ ವಿಜ್ಞಾನಿ ಕಿಕುನೆ ಇಕೆಡ ಕೊಂಬು ಅನ್ನುವ ಕಡಲ ಪಾಚಿಯ ಸಾರಿನಿಂದ ಗ್ಲುಟಮೇಟ್ ಬೇರ್ಪಡಿಸಿದರು. ಅದರ ರುಚಿಗೆ ಉಮಾಮಿ ಅಂತ ಹೆಸರಿಟ್ಟರು. ಅಜಿನೊಮೊಟೊ ಅಂದರೆ ಇದೇ ಗ್ಲುಟಮೇಟ್‌ಗೆ ಸೋಡಿಯಂ ಸೇರಿದ ಪುಡಿ. ಟೊಮೆಟೊ, ಅಣಬೆಗಳಲ್ಲೂ ಈ ಗ್ಲುಟಮೇಟ್ ತಾನಾಗಿಯೇ ಇದೆ. 1968ರಲ್ಲಿ ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬಂದ ಒಂದು ಓದುಗರ ಪತ್ರದಿಂದ 'ಚೈನೀಸ್ ರೆಸ್ಟೋರೆಂಟ್ ಸಿಂಡ್ರೋಮ್' ಅನ್ನುವ ಮಾತು ಹುಟ್ಟಿತು. ಅಲ್ಲಿಂದ ಭಯ ಹಬ್ಬಿತು. ಆಮೇಲಿನ ಪರೀಕ್ಷೆಗಳಲ್ಲಿ ಆ ಭಯಕ್ಕೆ ಗಟ್ಟಿ ಆಧಾರ ಸಿಗಲಿಲ್ಲ. ಊಟವಿಲ್ಲದೆ ಒಂದೇ ಸಲಕ್ಕೆ 3 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡ ಕೆಲವರಿಗೆ ಸ್ವಲ್ಪ ಹೊತ್ತು ತಲೆನೋವು, ಮೈ ಬಿಸಿಯಾಗುವುದು ಕಂಡುಬಂದಿದೆ. ಒಂದು ಸಾಮಾನ್ಯ ಪಾಲಿನಲ್ಲಿ ಇರುವುದು ಅರ್ಧ ಗ್ರಾಂಗಿಂತ ಕಡಿಮೆ ಅನ್ನುತ್ತದೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ. ಅಜಿನೊಮೊಟೊದಲ್ಲಿ ಸೋಡಿಯಂ ಶೇಕಡಾ 12ರಷ್ಟು. ಅಡುಗೆ ಉಪ್ಪಿನಲ್ಲಿ ಶೇಕಡಾ 39ರಷ್ಟು.

ನಿಮಗೆ ತಿಂದ ಮೇಲೆ ತಲೆನೋವು ಬರುತ್ತದೆ ಅನ್ನಿಸಿದರೆ ಬೇಡ ಅನ್ನಿ, ಅದು ನಿಮ್ಮ ದೇಹದ ಮಾತು. ಆದರೆ ಹೋಟೆಲಿನವರ ಹತ್ತಿರ ಒಂದೇ ಒಂದು ವಿನಂತಿ ಮಾಡಲು ಅವಕಾಶ ಇದ್ದರೆ ಅದನ್ನು ಅಜಿನೊಮೊಟೊಗೆ ಖರ್ಚು ಮಾಡಬೇಡಿ. ಸೋಯಾ ಸಾಸ್ ಕಡಿಮೆ ಹಾಕಿ ಅನ್ನಿ.

ಫ್ರೈಡ್ ರೈಸ್, ನೂಡಲ್ಸ್, ಬಿಳಿ ಅನ್ನ

ಅಡುಗೆಯವರೊಬ್ಬರು ನನಗೆ ಹೇಳಿದ ಮಾತಿದು: ಫ್ರೈಡ್ ರೈಸ್‌ಗೂ ಎಣ್ಣೆ, ಅದಕ್ಕೆ ನೆಂಚಿಕೊಳ್ಳುವ ಗ್ರೇವಿಗೂ ಎಣ್ಣೆ, ಎರಡಕ್ಕೂ ಸಾಸ್. ನಾವು ಪಲಾವ್‌ಗೆ ಸಾರು ಸುರಿದುಕೊಂಡು ತಿನ್ನುವುದಿಲ್ಲ ಅಲ್ವಾ? ಚೀನಾದ ಮನೆಗಳಲ್ಲೂ ಪಲ್ಯದ ಜೊತೆ ಉಣ್ಣುವುದು ಉಪ್ಪು ಹಾಕದ ಬಿಳಿ ಅನ್ನವನ್ನು. ಎಣ್ಣೆ, ಸಾಸ್ ಎಲ್ಲ ಪಲ್ಯದಲ್ಲಿ ಇರುತ್ತದೆ, ಅನ್ನ ಅದನ್ನು ತೂಗಿಸುತ್ತದೆ. ಮೆನುವಿನ ಕೊನೆಯಲ್ಲಿ ಸ್ಟೀಮ್ಡ್ ರೈಸ್ ಅಂತ ಒಂದು ಸಾಲು ಇರುತ್ತದೆ. ನಾವು ಅದನ್ನು ದಾಟಿ ಹೋಗುತ್ತೇವೆ. ಗ್ರೇವಿ ತರಿಸಿದರೆ ಬಿಳಿ ಅನ್ನ, ಫ್ರೈಡ್ ರೈಸ್ ತರಿಸಿದರೆ ಗ್ರೇವಿ ಬೇಡ. ಇದಿಷ್ಟು ಪಾಲಿಸಿದರೂ ಒಂದು ಊಟದ ಎಣ್ಣೆ, ಉಪ್ಪು ಎರಡೂ ಚೆನ್ನಾಗಿಯೇ ಇಳಿಯುತ್ತದೆ.

ಫ್ರೈಡ್ ರೈಸೇ ಬೇಕು ಅಂದರೆ ಮೊಟ್ಟೆಯದ್ದು ತರಿಸಿ, ತರಕಾರಿ ಜಾಸ್ತಿ ಹಾಕಿಸಿ. ಮೊಟ್ಟೆಯಿಂದ ಪ್ರೋಟೀನ್ ಸಿಗುತ್ತದೆ, ಹೊಟ್ಟೆ ಬೇಗ ತುಂಬುತ್ತದೆ. ನೂಡಲ್ಸ್ ಬಹಳ ಕಡೆ ಮೈದಾದ್ದು. ಬೇಯಿಸಿ, ಅಂಟದಿರಲಿ ಅಂತ ಎಣ್ಣೆ ಸವರಿ ಇಟ್ಟಿರುತ್ತಾರೆ. ಆಮೇಲೆ ಬಾಣಲೆಯಲ್ಲಿ ಇನ್ನೊಮ್ಮೆ ಎಣ್ಣೆ. ಶುಗರ್ ಇರುವವರಿಗೆ ಅನ್ನ, ನೂಡಲ್ಸ್ ಎರಡರಲ್ಲಿ ಯಾವುದು ಅನ್ನುವುದಕ್ಕಿಂತ ಎಷ್ಟು ಅನ್ನುವುದು ದೊಡ್ಡದು. ಅಮ್ಮ ಮೊದಲು ತರಕಾರಿ, ತೋಫು ತಿಂದು ಆಮೇಲೆ ಒಂದು ಸಣ್ಣ ಬಟ್ಟಲು ಅನ್ನ ಹಾಕಿಕೊಳ್ಳುತ್ತಾರೆ. ಅಮೆರಿಕನ್ ಚಾಪ್ಸುಯಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕರಿದ ನೂಡಲ್ಸ್ ಮೇಲೆ ಸಿಹಿ ಟೊಮೆಟೊ ಸಾಸ್ ಅದು.

ಸೆಜ್ವಾನ್ ಅಂತ ಮೆನುವಿನಲ್ಲಿ ಬರೆದಿದ್ದರೆ ಮೆಣಸಿನಕಾಯಿ, ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಚೆನ್ನಾಗಿ ಬಾಡಿಸಿದ ಸಾಸ್ ಅಂತ ಅರ್ಥ. ಅದು ಎಣ್ಣೆ ತೇಲುವ ಸಾಸ್, ಜೊತೆಗೆ ಉಪ್ಪು, ಸಕ್ಕರೆ. ಚೀನಾದ ಸಿಚುವಾನ್ ಪ್ರಾಂತ್ಯದ ನಿಜವಾದ ಅಡುಗೆಯಲ್ಲಿ ನಾಲಿಗೆ ಜುಮ್ಮೆನ್ನಿಸುವ ಒಂದು ಮಸಾಲೆ ಇರುತ್ತದೆ. ನಮ್ಮ ಕರಾವಳಿಯ ಕೊಂಕಣಿ ಮನೆಗಳಲ್ಲಿ ಮೀನಿನ ಸಾರಿಗೆ ಹಾಕುವ ತೆಪ್ಪಳ, ಅಂದರೆ ಜುಮ್ಮನಕಾಯಿ, ಅದೇ ಜಾತಿಯ ಗಿಡದ್ದು. ಇಷ್ಟು ಹತ್ತಿರದ ನಂಟು ಇದ್ದರೂ ನಮ್ಮ ಸೆಜ್ವಾನ್ ಸಾಸ್‌ಗೆ ಅದು ಬರಲೇ ಇಲ್ಲ ಅನ್ನುವುದು ನನಗೆ ಬೇಸರದ ಸಂಗತಿ.

ಅನ್ನದ ವಿಷಯದಲ್ಲಿ ಕ್ಯಾಲೊರಿಗಿಂತ ಮುಖ್ಯವಾದ ಇನ್ನೊಂದು ಮಾತಿದೆ. ಫ್ರೈಡ್ ರೈಸ್ ಉದುರುದುರಾಗಿ ಬರಲು ಮೊದಲೇ ಮಾಡಿ ಆರಿಸಿದ ಅನ್ನ ಬೇಕು. ಆ ಅನ್ನ ಫ್ರಿಜ್‌ನಲ್ಲಿ ಇದ್ದರೆ ತೊಂದರೆ ಇಲ್ಲ. ಬೆಳಿಗ್ಗೆಯಿಂದ ಬಿಸಿ ಅಡುಗೆಮನೆಯಲ್ಲಿ ಹಾಗೇ ಇದ್ದರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದು ಬಿಡುವ ಒಂದು ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಒಂದು ಸಲ ರಾತ್ರಿ ಹತ್ತೂವರೆಗೆ ಒಂದು ಗಾಡಿಯಲ್ಲಿ ಫ್ರೈಡ್ ರೈಸ್ ತಿಂದು ನಾನು ಬೆಳಗಿನ ಜಾವದವರೆಗೆ ಒದ್ದಾಡಿದ್ದೇನೆ. ಅವತ್ತಿನಿಂದ ತಡರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಅನ್ನದ ಐಟಂ ತಿನ್ನುವುದಿಲ್ಲ. ಮನೆಗೆ ಪಾರ್ಸೆಲ್ ತಂದರೂ ಅಷ್ಟೇ. ಉಳಿದದ್ದನ್ನು ಟೇಬಲ್ ಮೇಲೆ ಬಿಟ್ಟು ಮಲಗಬೇಡಿ.

ಜೊತೆಗೆ ಏನು?

ಇಲ್ಲಿ ಒಳ್ಳೆಯ ಆಯ್ಕೆಗಳು ನಿಜವಾಗಿಯೂ ಇವೆ. ಸ್ಟರ್ ಫ್ರೈ ವೆಜಿಟಬಲ್ಸ್ ಅಂದರೆ ದೊಡ್ಡ ಉರಿಯಲ್ಲಿ ಬೇಗ ಬೇಗ ಬಾಡಿಸಿದ ತರಕಾರಿ. ಬ್ರೊಕೊಲಿ, ಬೀನ್ಸ್, ಕೋಸು, ದೊಣ್ಣೆಮೆಣಸಿನಕಾಯಿ, ಅಣಬೆ. ಬೆಳ್ಳುಳ್ಳಿ ಜಾಸ್ತಿ ಹಾಕಿಸಿಕೊಂಡರೆ ಸಾಸ್ ಕಡಿಮೆ ಸಾಕು. ಒಂದು ವಿಷಯ ಕೇಳಿಕೊಳ್ಳಿ. ಕೆಲವು ಕಡೆ ತರಕಾರಿ, ಚಿಕನ್ ಎಲ್ಲವನ್ನೂ ಮೊದಲು ಕಾದ ಎಣ್ಣೆಯಲ್ಲಿ ಅದ್ದಿ ತೆಗೆದು ಆಮೇಲೆ ಬಾಡಿಸುತ್ತಾರೆ. ಬೇಗ ಬೇಯುತ್ತದೆ, ಹೊಳೆಯುತ್ತದೆ. "ಎಣ್ಣೇಲಿ ಅದ್ದಬೇಡಿ ಅಣ್ಣ, ನೀರಲ್ಲಿ ಬೇಯಿಸಿ ಹಾಕಿ" ಅಂದರೆ ಮಾಡಿಕೊಡುತ್ತಾರೆ. ನಾವು ಹೋಗುವ ಕಡೆ ಒಮ್ಮೆಯೂ ಇಲ್ಲ ಅಂದಿಲ್ಲ. ಬದನೆಕಾಯಿಯ ಐಟಂ ಇದ್ದರೆ ಮಾತ್ರ ಬಿಟ್ಟುಬಿಡಿ, ಬದನೆ ಸ್ಪಂಜಿನ ಹಾಗೆ ಎಣ್ಣೆ ಕುಡಿಯುತ್ತದೆ.

ಪನೀರ್ ಮತ್ತು ತೋಫು ನಡುವೆ ತೋಫು ಆರಿಸಿ, ಕರಿಯದೆ ಹಾಕಲು ಹೇಳಿ. ಸೋಯಾ ಹಾಲಿನಿಂದ ಮಾಡಿದ್ದು, ಪ್ರೋಟೀನ್ ಇದೆ, ಕೊಬ್ಬು ಪನೀರ್‌ಗಿಂತ ಬಹಳ ಕಡಿಮೆ. ಮೊದಲ ಸಲ ಅಪ್ಪ ಮುಖ ಸಿಂಡರಿಸಿದರು. ಶುಂಠಿ, ಕರಿಮೆಣಸು ಹಾಕಿಸಿದ ಮೇಲೆ ಇಷ್ಟಪಟ್ಟರು. ಮಾಂಸ ತಿನ್ನುವವರಿಗೆ ಚಿಲ್ಲಿ ಚಿಕನ್‌ಗಿಂತ ತರಕಾರಿ ಜೊತೆ ಬಾಡಿಸಿದ ಚಿಕನ್ ವಾಸಿ. ಎಲ್ಲಕ್ಕಿಂತ ಒಳ್ಳೆಯದು ಶುಂಠಿ, ಈರುಳ್ಳಿ ಸೊಪ್ಪು ಹಾಕಿ ಹಬೆಯಲ್ಲಿ ಬೇಯಿಸಿದ ಮೀನು. ದಕ್ಷಿಣ ಚೀನಾದ ಅಡುಗೆಯಲ್ಲಿ ಅದಕ್ಕೆ ದೊಡ್ಡ ಗೌರವ ಇದೆ. ಎಲ್ಲ ಕಡೆ ಸಿಗುವುದಿಲ್ಲ, ಬೆಲೆಯೂ ಜಾಸ್ತಿ. ಸಿಕ್ಕಿದಾಗ ಬಿಡಬೇಡಿ.

ಸಸ್ಯಾಹಾರಿಗಳು ಒಂದು ಪ್ರಶ್ನೆ ತಪ್ಪದೆ ಕೇಳಬೇಕು. ತರಕಾರಿಯ ಐಟಂಗೂ ಆಯ್ಸ್ಟರ್ ಸಾಸ್ ಹಾಕುವುದುಂಟು, ಅದು ಕಪ್ಪೆಚಿಪ್ಪಿನ ಜಾತಿಯ ಜೀವಿಯಿಂದ ಮಾಡಿದ್ದು. ಸೂಪಿಗೆ ಚಿಕನ್ ಸ್ಟಾಕ್ ಬಳಸುವ ಕಡೆಗಳೂ ಇವೆ. ಗೋಧಿ ಒಗ್ಗದವರಿಗೆ ಇನ್ನೊಂದು ಎಚ್ಚರಿಕೆ: ಸಾಮಾನ್ಯ ಸೋಯಾ ಸಾಸ್‌ನಲ್ಲಿ ಗೋಧಿ ಇರುತ್ತದೆ. ಬಿಳಿ ಅನ್ನ ತರಿಸಿದರೂ ಸಾಸ್ ಮೂಲಕ ಅದು ಒಳಗೆ ಬರುತ್ತದೆ.

ಮೋಮೊ, ತುಕ್ಪಾ

ಇವು ಚೈನೀಸ್ ಅಲ್ಲ, ಹಿಮಾಲಯದ ಕಡೆಯ ಅಡುಗೆ. ಆದರೆ ನಮ್ಮ ಮೆನುಗಳಲ್ಲಿ ಪಕ್ಕಪಕ್ಕದಲ್ಲೇ ಇರುವುದರಿಂದ ಹೋಲಿಸಲೇಬೇಕು. ಇದಕ್ಕೆ ಕರ್ನಾಟಕದ ನಂಟೂ ಇದೆ. 1960ರ ಹೊತ್ತಿನಿಂದ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡಿನಲ್ಲಿ ಟಿಬೆಟನ್ನರು ನೆಲೆಸಿದ್ದಾರೆ. ಬೈಲಕುಪ್ಪೆಯ ಒಂದು ಸಣ್ಣ ಹೋಟೆಲಿನಲ್ಲಿ ನಾನು ತಿಂದ ತುಕ್ಪಾ ಇನ್ನೂ ನೆನಪಿದೆ. ದೊಡ್ಡ ಬಟ್ಟಲಲ್ಲಿ ಬಿಸಿ ಸಾರು, ಅದರಲ್ಲಿ ನೂಡಲ್ಸ್, ಮೂಲಂಗಿ, ಸೊಪ್ಪು. ಕರಿದದ್ದು ಏನೂ ಇಲ್ಲ. ಹಕ್ಕಾ ನೂಡಲ್ಸ್ ಮತ್ತು ತುಕ್ಪಾ ನಡುವೆ ನಾನು ಯಾವತ್ತೂ ತುಕ್ಪಾ ಕಡೆ. ಸಾರಿನಲ್ಲಿ ಉಪ್ಪು ಇರುವುದರಿಂದ ಅಪ್ಪ ನೂಡಲ್ಸ್, ತರಕಾರಿ ತಿಂದು ಸಾರನ್ನು ಅರ್ಧ ಬಿಡುತ್ತಾರೆ.

ಮೋಮೊ ಹಬೆಯಲ್ಲಿ ಬೇಯಿಸಿದ್ದಾದರೆ ಒಳ್ಳೆಯದು. ಕಡುಬಿನ ಹಾಗೆ, ಹೊರಗಿನ ಪದರ ಮೈದಾ ಅಷ್ಟೇ. ಈಗ ಬೆಂಗಳೂರಿನ ಅಂಗಡಿಗಳಲ್ಲಿ ಕರಿದ ಮೋಮೊ, ಬ್ರೆಡ್ ಪುಡಿ ಹಚ್ಚಿದ ಮೋಮೊ, ಮೇಲೆ ಮೇಯನೀಸ್ ಸುರಿದ ಮೋಮೊ ಎಲ್ಲ ಬಂದಿವೆ. ಹೆಸರು ಒಂದೇ ಆದರೂ ತಿನಿಸು ಒಂದೇ ಅಲ್ಲ. ಕೆಂಪು ಚಟ್ನಿ ಖಾರ ಅಂತ ಮೇಯನೀಸ್ ಹಚ್ಚಿಕೊಳ್ಳುವ ಮಕ್ಕಳಿಗೆ ಗಟ್ಟಿ ಮೊಸರು ಕೊಟ್ಟು ನೋಡಿ. ನಮ್ಮ ಪುಟ್ಟನಿಗೆ ಹಿಡಿಸಿತು.

ಹೊರದೇಶದಲ್ಲಿ ಇರುವವರಿಗೆ

ಅಮೆರಿಕದಲ್ಲಿರುವ ನನ್ನ ಸ್ನೇಹಿತೆಗೆ ಬೇರೆ ಮೆನು, ತೊಂದರೆ ಮಾತ್ರ ಅದೇ. ಅಲ್ಲಿ ಗೋಬಿಯ ಜಾಗದಲ್ಲಿ ಆರೆಂಜ್ ಚಿಕನ್, ಜನರಲ್ ತ್ಸೋಸ್ ಚಿಕನ್. ಹಿಟ್ಟು ಹಚ್ಚಿ ಕರಿದು ಸಿಹಿ ಸಾಸ್‌ನಲ್ಲಿ ಹೊರಳಿಸಿದ್ದು. ಆದರೆ ಅಲ್ಲಿ ಒಂದು ಅನುಕೂಲ ಇದೆ. ಹಲವು ಕಡೆ ಹಬೆಯಲ್ಲಿ ಬೇಯಿಸಿದ ತರಕಾರಿ, ತೋಫು, ಚಿಕನ್ ಸಿಗುತ್ತದೆ, ಸಾಸ್ ಬೇರೆ ಬಟ್ಟಲಲ್ಲಿ ಕೊಡುತ್ತಾರೆ. ಬಿಳಿ ಅನ್ನದ ಬದಲು ಬ್ರೌನ್ ರೈಸ್ ಕೇಳಬಹುದು. ಸಸ್ಯಾಹಾರಿಯಾದ ಅವಳು ತರಿಸುವುದು ಬುದ್ಧಾಸ್ ಡಿಲೈಟ್, ಬಗೆಬಗೆಯ ತರಕಾರಿ ಮತ್ತು ತೋಫು ಹಾಕಿ ಮಾಡಿದ್ದು. ಅವಳ ಒಂದು ಅಭ್ಯಾಸ ನನಗೆ ಹಿಡಿಸಿತು. ಅಲ್ಲಿ ಕೊಡುವ ಪಾಲು ದೊಡ್ಡದು. ತಿನ್ನಲು ಶುರು ಮಾಡುವ ಮೊದಲೇ ಅರ್ಧ ಡಬ್ಬಕ್ಕೆ ಹಾಕಿಟ್ಟುಬಿಡುತ್ತಾಳೆ.

ಕಳೆದ ಶನಿವಾರ

ನಾವು ಆರು ಜನ ಹೋಗಿದ್ದೆವು, ಅಪ್ಪನೂ ಸೇರಿ. ಲೆಮನ್ ಕೊರಿಯಾಂಡರ್ ಸೂಪ್ ಮೂರು ತರಿಸಿ, ಒನ್ ಬೈ ಟು ಮಾಡಿಸಿದೆವು. ಉಪ್ಪು ಕಮ್ಮಿ ಅಂತ ಮೊದಲೇ ಹೇಳಿದ್ದೆ. ಮಕ್ಕಳಿಗಾಗಿ ಗೋಬಿ ಡ್ರೈ ಒಂದು ಪ್ಲೇಟ್, ಬಣ್ಣ ಇಲ್ಲದ್ದು. ಎಲ್ಲರೂ ಎರಡೆರಡು ತುಂಡು ತೆಗೆದುಕೊಂಡೆವು, ಉಳಿದದ್ದು ಮಕ್ಕಳಿಗೆ. ಬೆಳ್ಳುಳ್ಳಿ ಹಾಕಿ ಬಾಡಿಸಿದ ತರಕಾರಿ, ಶುಂಠಿ ಮೆಣಸಿನ ತೋಫು, ಒಂದು ಮೊಟ್ಟೆ ಫ್ರೈಡ್ ರೈಸ್, ಎರಡು ಬಿಳಿ ಅನ್ನ. ಕೋಲಾ ಬದಲು ಸಕ್ಕರೆ ಹಾಕದ ಲೈಮ್ ಸೋಡಾ. 300 ಮಿಲಿ ಕೋಲಾದಲ್ಲಿ 30 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ ಅಂತ ದೊಡ್ಡವನಿಗೆ ಬಾಟಲಿಯ ಹಿಂದೆ ಓದಿ ತೋರಿಸಿದ್ದೆ. ಅವನೇ ತಮ್ಮನಿಗೆ ಬೇಡ ಅಂದ.

ಬಿಳಿ ಅನ್ನ ಒಂದು ಪ್ಲೇಟ್ ಉಳಿಯಿತು. ಪಾರ್ಸೆಲ್ ಕಟ್ಟಿಸಿಕೊಂಡು ಮನೆಗೆ ಬಂದ ತಕ್ಷಣ ಫ್ರಿಜ್‌ಗೆ ಇಟ್ಟೆ. ಬೆಳಿಗ್ಗೆ ಅಮ್ಮ ಅದಕ್ಕೆ ಚಿತ್ರಾನ್ನದ ಒಗ್ಗರಣೆ ಹಾಕಿದರು. ಅಪ್ಪ ತಟ್ಟೆ ಹಿಡಿದುಕೊಂಡು ಬಂದು, ಮುಂದಿನ ಸಲ ಆ ಶುಂಠಿ ತೋಫು ಎರಡು ಪ್ಲೇಟ್ ಹೇಳಬೇಕು ಅಂದರು.